ಪಾಠದ ಕೋಣೆಯ ಬಾಗಿಲು

ವಿಜಯದಶಮಿಯು ಸಮೀಪಿಸುತ್ತಿದೆ. ಮಕ್ಕಳನ್ನು ಸಂಗೀತಪಾಠಕ್ಕೆ ಸೇರಿಸಲು ಅದು ಪ್ರಶಸ್ತವಾದ ದಿನ. ಫಲತಾಂಬೂಲದೊಡನೆ ಗುರುಗಳ ಮನೆಗೆ ಹೋಗುವ ತಂದೆತಾಯಿಗಳು ಪಾಠದ ಹೊತ್ತನ್ನೂ ಸಂಭಾವನೆಯನ್ನೂ ವಿಚಾರಿಸುವರು. ಪಾಠದ ಕೋಣೆಯ ಬಾಗಿಲು ತೆರೆದಿರುವುದೋ ಮುಚ್ಚಿರುವುದೋ ಎಂದು ಕೇಳುವವರು ವಿರಳ. ಕೇಳಿದರೆ ಗುರುವಿಗೆ ಅಪಮಾನವಾದೀತೆಂಬ ಸಂಕೋಚ. ಈ ಸಂಕೋಚವನ್ನು ತೊರೆಯಬೇಕೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ.

ಶಾಲೆಯಲ್ಲಿ ಉಪಾಧ್ಯಾಯರ ಮೇಲೆ ನಲವತ್ತು ಮಕ್ಕಳ ಕಣ್ಣಿರುತ್ತದೆ. ಸಂಗೀತದಲ್ಲಿ ಗುರು ಒಬ್ಬ, ಎದುರಿಗೆ ಶಿಷ್ಯ ಒಬ್ಬ. ಪಿಟೀಲಿನ ಕಮಾನು ಹಿಡಿಯುವ ರೀತಿಯನ್ನೂ ಮೃದಂಗದ ಮೇಲೆ ಬೆರಳಿಡುವ ಬಗೆಯನ್ನೂ ಕೈಹಿಡಿದು ತಿದ್ದಬೇಕಾಗುವುದುಂಟು. ಮುಂದೆ ಕಚೇರಿ ದೊರೆಯುವುದೂ ಬಹುಮಟ್ಟಿಗೆ ಅದೇ ಗುರುವಿನ ಮಾತಿನಿಂದ. ಇಷ್ಟು ಅಧಿಕಾರವು ಒಂದೇ ಕಡೆ ಸೇರಿದಾಗ ಸಾಕ್ಷಿಯೊಬ್ಬರಿರುವುದು ಲೇಸು. ಬಹುಮಂದಿ ಗುರುಗಳು ಸಜ್ಜನರೆಂಬುದರಲ್ಲಿ ಸಂಶಯವಿಲ್ಲ. ತೆರೆದ ಬಾಗಿಲಿನಿಂದ ಅವರಿಗೆ ನಷ್ಟವೂ ಇಲ್ಲ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಗೃಹಸ್ಥರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು, ಮಗಳ ಪಾಠದ ಸಂಗತಿಯನ್ನು ಹೇಳಲಾರದೆ ಹೇಳಿ ಕಣ್ಣೀರಿಟ್ಟರು. ಮಾನದ ಪ್ರಶ್ನೆ, ಬೇರೆ ಗುರುವನ್ನು ನೋಡಿರೆಂದು ಹೇಳಿ ಕಳುಹಿಸಿದೆವು. ಅದನ್ನು ವಿವೇಕವೆಂದೇ ಬಗೆದೆವು. ಮರುದಿನ ಅದೇ ಚಾಪೆಯ ಮೇಲೆ ಇನ್ನೊಂದು ಮಗು ಕೂತಿತೆಂಬುದು ಆಗ ನಮಗೆ ಹೊಳೆಯಲಿಲ್ಲ.

ಸಂಸ್ಥೆಗಳೂ ಇದೇ ದಾರಿ ಹಿಡಿದಿವೆ. ಇಂಗ್ಲೆಂಡಿನಲ್ಲಿ ವಿಶೇಷ ಸಂಗೀತಶಾಲೆಗಳನ್ನೂ ಒಳಗೊಂಡು ವಸತಿಶಾಲೆಗಳ ವಿಚಾರಣೆ ನಡೆಸಿದ ಸಮಿತಿಯು, ಮಕ್ಕಳ ಕ್ಷೇಮಕ್ಕಿಂತ ಸಂಗೀತಗಾರರ ಮತ್ತು ಶಾಲೆಗಳ ಕೀರ್ತಿಯೇ ಹೆಚ್ಚೆನಿಸಿಕೊಂಡಿತ್ತೆಂದು 2022ರ ವರದಿಯಲ್ಲಿ ಹೇಳಿತು. ನಮ್ಮ ನೆರೆಯ ಚೆನ್ನೈಯಲ್ಲಿ, ಅನೇಕ ಸ್ತ್ರೀಯರು ಬಾಯ್ದೆರೆದ ಮೇಲೆ, ಮ್ಯೂಸಿಕ್ ಅಕಾಡೆಮಿಯು 2018ರ ಡಿಸೆಂಬರ್ ಉತ್ಸವದಿಂದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ರುಕ್ಮಿಣೀದೇವಿಯವರು 1936ರಲ್ಲಿ ಸ್ಥಾಪಿಸಿದ ಕಲಾಕ್ಷೇತ್ರದಲ್ಲಿ ವಿದ್ಯಾರ್ಥಿಗಳು 2023ರಲ್ಲಿ ಧರಣಿ ಕೂರಬೇಕಾಯಿತು. ಅಂಥ ವಿದ್ಯಾಲಯದಲ್ಲಿ ಮಕ್ಕಳ ದೂರು ಕೇಳಿಸಲು ಬೀದಿಯ ಕೂಗು ಬೇಕಾಯಿತೆಂಬುದು ನಾಚಿಕೆಯ ಸಂಗತಿ.

ಈಗ ಕಾಯಿದೆಯಿದೆ. ಪೋಕ್ಸೋ ಎಂದು ಹೆಸರಾದ 2012ರ ಶಾಸನದ ಮೇರೆಗೆ, 18 ವರ್ಷ ತುಂಬದ ಮಗುವಿನ ಮೇಲೆ ಇಂಥ ಅಪರಾಧ ನಡೆದುದನ್ನು ಬಲ್ಲವರೆಲ್ಲರೂ ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆಡಳಿತ ಮಂಡಲಿಯು ಒಳಗೊಳಗೇ ಪಂಚಾಯಿತಿ ಮಾಡಿ ಮುಗಿಸುವ ಪದ್ಧತಿಗೆ ಇಲ್ಲಿ ಎಡೆಯಿಲ್ಲ. ಠಾಣೆಯ ಭಯವೂ ಬೇಡ: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ, ಸಮವಸ್ತ್ರ ಧರಿಸದ ಅಧಿಕಾರಿಯು, ಸಾಧ್ಯವಾದಮಟ್ಟಿಗೆ ಸ್ತ್ರೀಯೇ, ಬರೆದುಕೊಳ್ಳಬೇಕು. ಪತ್ರಿಕೆಗಳು ಮಗುವಿನ ಗುರುತನ್ನು ಪ್ರಕಟಿಸುವಂತಿಲ್ಲ. 1098ಕ್ಕೆ ದೂರವಾಣಿ ಮಾಡಿದರೂ ಸಹಾಯ ದೊರೆಯುವುದು.

ಪ್ರಾಯಕ್ಕೆ ಬಂದವರಿಗೆ ಈ ಶಾಸನ ಅನ್ವಯಿಸದು. ಅವರಲ್ಲಿಯೂ ರಕ್ಷಣೆ ಬೇಕಾದವರಿದ್ದಾರೆ. ಅಂಧರಿಗೆ ಸಂಗೀತವು ಅನ್ನದ ವಿದ್ಯೆಯಾಗಬಲ್ಲುದೆಂದು ನಾಡಿಗೆ ತೋರಿಸಿಕೊಟ್ಟುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಆದರೆ ಅಂಧ ಶಿಷ್ಯನಿಗೆ ಬಾಗಿಲು ಮುಚ್ಚಿದೆಯೋ ಇಲ್ಲವೋ ಕಾಣದು. ಕೈಯನ್ನು ಮುಟ್ಟಿಯೇ ಅವನಿಗೆ ಕಲಿಸಬೇಕು. ಎಲ್ಲಿಯೇ ಆಗಲಿ, ಮುಟ್ಟುವ ಮುನ್ನ ಗುರುವು ಬಾಯಲ್ಲಿ ಹೇಳಿ ಅನುಮತಿ ಪಡೆಯಲಿ. ಶಿಷ್ಯನಿಗೆ ಬಂದ ಕಾಗದವನ್ನು ಓದಿ ಹೇಳಲು, ಅವನ ದೂರನ್ನು ಕೇಳಲು, ಸಂಸ್ಥೆಗೆ ಸೇರದ ಒಬ್ಬರಿರಲಿ.

ಪಾಲಕರು ಬಳಿಯಿದ್ದರೆ ಮಗುವಿನ ಗಮನ ಚೆದರುವುದೆಂದು ಕೆಲವರ ಆಕ್ಷೇಪಣೆ. ನಾಳೆ ಸಾವಿರ ಜನರ ಮುಂದೆ ಹಾಡಬೇಕಾದ ಮಗುವಿಗೆ ತಾಯಿಯೊಬ್ಬಳು ಹೆಚ್ಚಾದಳೆ? ಬರುವ ದಶಮಿಯಂದು ಗುರುಗಳಿಗೆ ನಮಸ್ಕರಿಸಿ, ಹೊಸ್ತಿಲ ಬಳಿ ತನಗೂ ಒಂದು ಚಾಪೆಯನ್ನು ಆಕೆ ಕೇಳಲಿ. ಕೊಡಲೊಪ್ಪದ ಮನೆಯಿಂದ ಮಗುವಿನ ಕೈಹಿಡಿದು ಹಿಂದಿರುಗಲಿ.