ಪುನರುಜ್ಜೀವನವೆಂಬ ಮಾತಿನ ಮಾರಾಟ

ಕಳೆದ ತಿಂಗಳು ನಮ್ಮ ಸಂಘದ ವಾಡಿಕೆಯ ಗೋಷ್ಠಿಯು ಮುಗಿದ ಬಳಿಕ ಮಿತ್ರರೊಬ್ಬರು ನನ್ನನ್ನು ತಡೆದು, “ನೀವು ಸಾಹಿತ್ಯದವರು; ಚರ್ಮದ ಚಿಕಿತ್ಸೆಯ ಅಂಗಡಿಗಳ ವಿಚಾರ ನಿಮಗೇಕೆ?” ಎಂದು ಕೇಳಿದರು. ಪೇಟೆಬೀದಿಯಲ್ಲಿ ಹೊಸದಾಗಿ ಎದ್ದಿರುವ ಒಂದು ಫಲಕವನ್ನು ಕುರಿತು ನಾನು ಆಡಿದ ಎರಡು ಬಿರುಸಾದ ಮಾತುಗಳು ಅವರಿಗೆ ರುಚಿಸಿರಲಿಲ್ಲ. ಆ ಫಲಕದಲ್ಲಿ ‘ನಿಮ್ಮ ತ್ವಚೆಯ ಪುನರುಜ್ಜೀವನ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಅದರ ಕೆಳಗೆ ಪಿ.ಆರ್.ಪಿ., ಎಕ್ಸೋಸೋಮ್, ಕಾಂಡಕೋಶ ಎಂಬ ಮೂರು ಹೆಸರುಗಳೂ, ನೆರಿಗೆಯೊಂದೂ ಇಲ್ಲದ ಒಂದು ಹೆಣ್ಣುಮುಖವೂ ಇವೆ. ಮಿತ್ರರ ಪ್ರಶ್ನೆಗೆ ನಿಂತ ನಿಲುವಿನಲ್ಲಿ ತಕ್ಕ ಉತ್ತರವನ್ನು ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಮಾತನ್ನು ಕಾಯುವುದು ಸಾಹಿತ್ಯ ಸಂಘದ ಕೆಲಸವಾಗಿದ್ದರೆ, ಒಂದು ದೊಡ್ಡ ಮಾತು ತನ್ನ ಮನೆಯಿಂದ ಕಳವಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಕುಳಿತಿರುವಾಗ ನಾವು ಸುಮ್ಮನಿರುವುದು ಸರ್ವಥಾ ಯುಕ್ತವಲ್ಲ.

ಮೊದಲು, ಮಾರಾಟಕ್ಕಿರುವ ಸರಕು ಏನೆಂಬುದನ್ನು ನ್ಯಾಯವಾಗಿ ಹೇಳಬೇಕು. ಪಿ.ಆರ್.ಪಿ. ಎಂದರೆ ನಮ್ಮ ರಕ್ತವನ್ನೇ ಸ್ವಲ್ಪ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಕಿರುಬಿಲ್ಲೆಗಳು ಹೆಚ್ಚಾಗಿರತಕ್ಕ ಹಳದಿಯ ದ್ರವವನ್ನು ಬೇರ್ಪಡಿಸಿ, ಅದನ್ನು ಮುಖಕ್ಕೋ ನೆತ್ತಿಗೋ ಸೂಜಿಯಿಂದ ಸೇರಿಸುವುದು. ಗಾಯವಾದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಿ, ಮಾಯುವುದಕ್ಕೆ ಬೇಕಾದ ದ್ರವ್ಯಗಳನ್ನು ಬಿಡುವುದು ಆ ಕಿರುಬಿಲ್ಲೆಗಳ ಸಹಜ ಧರ್ಮ. ಎಕ್ಸೋಸೋಮುಗಳೆಂದರೆ ಜೀವಕೋಶಗಳು ಹೊರಕ್ಕೆ ಬಿಡುವ ಅತಿ ಸೂಕ್ಷ್ಮವಾದ ಚೀಲಗಳು. ಒಂದು ಕೋಶದ ಸಂದೇಶವನ್ನು ಮತ್ತೊಂದಕ್ಕೆ ಒಯ್ಯತಕ್ಕವು. ಕೊರಿಯಾ ದೇಶದಿಂದ ಹಬ್ಬಿದ ಇನ್ನೊಂದು ಸರಕು ಸಾಲ್ಮನ್ ಮೀನಿನ ವೀರ್ಯದಿಂದ ಶೋಧಿಸಿದ ಡಿ.ಎನ್.ಎ. ತುಣುಕುಗಳ ದ್ರವ. ಮತ್ತೊಂದು ಪಾಲಿಲ್ಯಾಕ್ಟಿಕ್ ಆಮ್ಲ. ಇದನ್ನು ಚರ್ಮದಡಿಯಲ್ಲಿ ಸೇರಿಸಿದರೆ ದೇಹವು ಪರವಸ್ತು ಬಂದಿತೆಂದು ತಿಳಿದು ಅದರ ಸುತ್ತ ಕಾಲಜನ್ ಎಂಬ ನಾರನ್ನು ನೇಯುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ.

ಇವೆಲ್ಲವೂ ಬರಿಯ ಸುಳ್ಳೆಂದು ನಾನು ಹೇಳುವುದಿಲ್ಲ. ಕೂದಲು ತೆಳುವಾದವರ ಪೈಕಿ ಕೆಲವರಿಗೆ ಪಿ.ಆರ್.ಪಿ.ಯಿಂದ ತಕ್ಕಮಟ್ಟಿನ ಪ್ರಯೋಜನವುಂಟೆಂದು ಪರೀಕ್ಷೆಗಳಿಂದ ಕಾಣಬರುತ್ತದೆ. ಆದರೆ ‘ತಕ್ಕಮಟ್ಟಿಗೆ’, ‘ಕೆಲವರಿಗೆ’ ಎಂಬ ಎರಡು ಮಾತುಗಳನ್ನು ಆ ಫಲಕದ ಮೇಲೆ ಎಲ್ಲಿಯೂ ಕಾಣೆವು. ಪರೀಕ್ಷೆಯಲ್ಲಿ ಗಟ್ಟಿಯಾದುದು, ಅರ್ಧ ಗಟ್ಟಿಯಾದುದು, ಪರೀಕ್ಷೆಯನ್ನೇ ಕಾಣದುದು, ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಒಂದೇ ಹೆಸರಿನಿಂದ ಮಾರುವುದೇ ಈ ವ್ಯಾಪಾರದ ಮೊದಲನೆಯ ಅಪರಾಧ.

ಆ ಹೆಸರು ಎಲ್ಲಿಂದ ಬಂದಿತೆಂಬುದನ್ನು ವಾಚಕರು ತಿಳಿಯತಕ್ಕದ್ದು. ಅದು ಕನ್ನಡಿಯ ಮುಂದೆ ಹುಟ್ಟಿದುದಲ್ಲ. ಸುಟ್ಟಗಾಯದವರ ಹಾಸಿಗೆಯ ಪಕ್ಕದಲ್ಲಿ ಬೆಳೆದುದು. ೧೯೭೫ರಲ್ಲಿ ಅಮೆರಿಕದ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಎಂಬ ವಿಜ್ಞಾನಿಗಳು ಮನುಷ್ಯನ ಹೊರಚರ್ಮದ ಕೋಶಗಳನ್ನು ಪ್ರಯೋಗಶಾಲೆಯ ಬಟ್ಟಲಿನಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ೧೯೮೩ರಲ್ಲಿ ಮೈಯ ಬಹುಭಾಗ ಸುಟ್ಟುಹೋಗಿದ್ದ ಇಬ್ಬರು ಹುಡುಗರಿಗೆ, ಅವರ ಅಳಿದುಳಿದ ಚರ್ಮದ ಚೂರಿನಿಂದ ಹಾಳೆಹಾಳೆಯಾಗಿ ಹೊಸ ಚರ್ಮವನ್ನು ಬೆಳೆಸಿ ಹೊದಿಸಲಾಯಿತು, ಇಬ್ಬರೂ ಬದುಕಿದರು. ೨೦೧೫ರಲ್ಲಿ ಜರ್ಮನಿಯ ಬೋಖುಮ್ ಪಟ್ಟಣದ ಆಸ್ಪತ್ರೆಯಲ್ಲಿ ಏಳು ವರ್ಷದ ಬಾಲಕನೊಬ್ಬನಿಗೆ, ಮುಟ್ಟಿದರೆ ಚರ್ಮವೆಲ್ಲ ಗುಳ್ಳೆಯೆದ್ದು ಕಳಚಿಹೋಗುವ ವಂಶಪಾರಂಪರ್ಯದ ರೋಗವಿರಲಾಗಿ, ಇಟಲಿಯ ಮೋದೆನಾದಲ್ಲಿ ದೋಷವನ್ನು ತಿದ್ದಿ ಬೆಳೆಸಿದ ಚರ್ಮವನ್ನು ಮೈಯ ಸುಮಾರು ಶೇಕಡಾ ೮೦ ಭಾಗಕ್ಕೆ ಕಸಿಮಾಡಿದರು. ಹುಡುಗನು ಶಾಲೆಗೆ ಮರಳಿದನು. ಪುನರುಜ್ಜೀವನವೆಂದರೆ ಇದು. ಆ ಪದಕ್ಕೆ ತೂಕ ಬಂದುದು ಇಂಥ ಕೆಲಸದಿಂದ. ಅದೇ ಪದವನ್ನು ಕಣ್ಣಿನ ಕೆಳಗಣ ಒಂದು ಗೆರೆಗೆ ಇಂದು ಅಂಟಿಸಲಾಗಿದೆ.

ಔಷಧವು ರೋಗಿಯನ್ನು ಬಿಟ್ಟು ಕನ್ನಡಿಯ ಕಡೆಗೆ ಹೊರಳುವುದು ಇದೇ ಮೊದಲಲ್ಲ. ಬೊಟುಲಿನಮ್ ವಿಷವನ್ನು ಅಮೆರಿಕದಲ್ಲಿ ೧೯೮೯ರಲ್ಲಿ ಒಪ್ಪಿದ್ದು ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ. ೨೦೦೨ರಲ್ಲಿ ಹುಬ್ಬಿನ ನಡುವಣ ಗೆರೆಗೆ ಒಪ್ಪಿಗೆ ದೊರೆಯಿತು. ಮೇಲೆ ಹೇಳಿದ ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ೨೦೦೪ರಲ್ಲಿ ಒಪ್ಪಿಗೆ ಬಂದುದು ಎಚ್.ಐ.ವಿ. ಪೀಡಿತರ ಬತ್ತಿದ ಕೆನ್ನೆಗಳಿಗಾಗಿ. ೨೦೦೯ರಲ್ಲಿ ಆರೋಗ್ಯವಂತರ ನೆರಿಗೆಗೆ. ಇದರ ಕಾರಣವನ್ನು ಕಂಡುಹಿಡಿಯುವುದಕ್ಕೆ ಅರ್ಥಶಾಸ್ತ್ರದ ಪಾಂಡಿತ್ಯ ಬೇಡ. ಗಾಯ ಮಾಯ್ದವನು ಆಸ್ಪತ್ರೆಗೆ ನಮಸ್ಕರಿಸಿ ಮನೆಗೆ ಹೋಗುತ್ತಾನೆ. ನೆರಿಗೆಯವನು ಮರಳಿ ಬರುತ್ತಾನೆ, ಬರುತ್ತಲೇ ಇರುತ್ತಾನೆ. ಏಕೆಂದರೆ ವಯಸ್ಸು ಯಾರಿಗೂ ವಾಸಿಯಾಗುವ ರೋಗವಲ್ಲ. ವಾಸಿಯಾಗದ ರೋಗಕ್ಕಿಂತ ಹೆಚ್ಚಿನ ಲಾಭದ ಸರಕು ವರ್ತಕನಿಗೆ ಇನ್ನಾವುದಿದೆ? ಸೋಪು ಪೌಡರುಗಳ ಜಗತ್ತಿನಲ್ಲಿ ಅತಿ ದೊಡ್ಡದಾದ ಲೋರಿಯಲ್ ಕಂಪೆನಿಯು ಇಂಥ ಸೂಜಿಮದ್ದುಗಳನ್ನು ಮಾಡುವ ಗಾಲ್ಡರ್ಮಾ ಕಂಪೆನಿಯ ಶೇಕಡಾ ೧೦ ಪಾಲನ್ನು ೨೦೨೪ರಲ್ಲಿ ಕೊಳ್ಳಲು ಮುಂದಾದುದು ಸುಮ್ಮನೆ ಅಲ್ಲ. ಸೋಪಿಗೂ ಸೂಜಿಗೂ ನಡುವೆ ಇದ್ದ ಗೋಡೆ ಬಿದ್ದಿದೆ. ಮೈ ಇಳಿಸುವ ಹೊಸ ಚುಚ್ಚುಮದ್ದುಗಳಿಂದ ಮುಖ ಜೋತವರು ಈಗ ಈ ಅಂಗಡಿಗಳ ಹೊಸ ಗಿರಾಕಿಗಳು. ಒಂದು ಸೂಜಿಯಿಂದ ಬತ್ತಿದ ಕೆನ್ನೆಯನ್ನು ಮತ್ತೊಂದು ಸೂಜಿಯಿಂದ ತುಂಬುವ ಈ ಚಕ್ರವನ್ನು ಪ್ರಗತಿಯೆಂದು ಕರೆಯಬೇಕೆಂದು ನಮಗೆ ಹೇಳುತ್ತಾರೆ.

“ಇದು ಹೊಸ ವಿಜ್ಞಾನ, ಹಳಬರಿಗೆ ತಿಳಿಯದು” ಎಂಬ ಆಕ್ಷೇಪ ಬರುವುದುಂಟು. ಹೊಸದೇ? ೧೮೮೯ರಲ್ಲಿ ಪ್ಯಾರಿಸಿನಲ್ಲಿ ಬ್ರೌನ್ ಸೆಕಾರ್ ಎಂಬ ೭೨ ವರ್ಷದ ಶರೀರಶಾಸ್ತ್ರಜ್ಞನು ನಾಯಿಯ ಮತ್ತು ಗಿನಿಯಿಲಿಯ ವೃಷಣಗಳ ರಸವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ವಿದ್ವತ್ಸಭೆಯಲ್ಲಿ ಸಾರಿದನು. ೧೯೨೦ರಿಂದ ಸರ್ಜ್ ವೊರೊನೋಫ್ ಎಂಬಾತನು ಕೋತಿಯ ವೃಷಣದ ಬಿಲ್ಲೆಗಳನ್ನು ಸಿರಿವಂತ ಮುದುಕರಿಗೆ ಕಸಿಮಾಡಿ ಕೀರ್ತಿಯನ್ನೂ ಹಣವನ್ನೂ ಗಳಿಸಿದನು. ೧೯೩೧ರಿಂದ ಸ್ವಿಟ್ಜರ್ಲೆಂಡಿನ ಪಾಲ್ ನೀಹಾನ್ಸ್ ಪ್ರಾಣಿಗಳ ಕೋಶಗಳನ್ನು ಚುಚ್ಚಿದನು. ಪ್ರತಿಯೊಬ್ಬನೂ ತನ್ನ ಕಾಲದ ನಿಜವಾದ ವಿಜ್ಞಾನದ ಅಂಚನ್ನು ಹಿಡಿದುಕೊಂಡೇ ಮಾತಾಡಿದನು; ಗ್ರಂಥಿರಸದ ವಿಜ್ಞಾನವು ಮುಂದೆ ನಿಜವಾಗಿಯೇ ಬೆಳೆಯಿತು, ಕೋತಿಯ ಬಿಲ್ಲೆ ಮಾತ್ರ ನಗೆಪಾಟಲಾಯಿತು. ವಿಜ್ಞಾನ ನಿಜವಾದ ಮಾತ್ರಕ್ಕೆ ಅದರ ಹೆಸರಿನ ವ್ಯಾಪಾರ ನಿಜವಾಗುವುದಿಲ್ಲ.

ಹಾನಿಯೇನೆಂದು ಕೇಳುವವರಿಗೆ ಒಂದು ಸಂಗತಿ ಸಾಕು. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಪರವಾನಿಗೆಯಿಲ್ಲದ ಒಂದು ಸೌಂದರ್ಯಗೃಹದಲ್ಲಿ ಪಿ.ಆರ್.ಪಿ. ಮುಖಚಿಕಿತ್ಸೆ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಅಲ್ಲಿಂದಲೇ ಎಚ್.ಐ.ವಿ. ಸೋಂಕು ತಗುಲಿರುವ ಸಂಭವವಿದೆಯೆಂದು ಆ ದೇಶದ ರೋಗನಿಯಂತ್ರಣ ಸಂಸ್ಥೆಯು ೨೦೨೪ರ ಏಪ್ರಿಲಿನಲ್ಲಿ ಪ್ರಕಟಿಸಿತು. ಆ ಗೃಹವನ್ನು ೨೦೧೮ರಲ್ಲಿಯೇ ಮುಚ್ಚಿಸಲಾಗಿತ್ತು. ಎಕ್ಸೋಸೋಮಿನ ವಿಷಯದಲ್ಲಿಯಾದರೋ, ತಾನು ಒಪ್ಪಿಗೆ ಕೊಟ್ಟ ಅಂಥ ಸರಕು ಒಂದೂ ಇಲ್ಲವೆಂದು ಅಲ್ಲಿಯ ಔಷಧಾಧಿಕಾರಿಗಳು ೨೦೧೯ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟರು. ಯೂರೋಪಿನ ಕಾನೂನು ಮನುಷ್ಯಮೂಲದ ಕೋಶಗಳನ್ನೂ ಅವುಗಳಿಂದಾದ ವಸ್ತುಗಳನ್ನೂ ಅಲಂಕಾರದ್ರವ್ಯಗಳಲ್ಲಿ ನಿಷೇಧಿಸಿದೆ.

ನಮ್ಮ ದೇಶದಲ್ಲಿಯೂ ನಿಯಮಗಳಿಲ್ಲವೆಂದಲ್ಲ. ೨೦೧೭ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಗೊತ್ತಾದ ಕೆಲವು ವ್ಯಾಧಿಗಳಿಗೆ ರಕ್ತಜನಕ ಕಾಂಡಕೋಶಗಳನ್ನು ಕಸಿಮಾಡುವುದೊಂದನ್ನು ಬಿಟ್ಟರೆ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕಾಂಡಕೋಶಗಳನ್ನು ರೋಗಿಗಳ ಮೇಲೆ ಬಳಸಕೂಡದು. ವಿಡಿಯೋಗಳನ್ನು ನೋಡಿ ಕಲಿತದ್ದು ಸೌಂದರ್ಯ ಶಸ್ತ್ರಕ್ರಿಯೆಗೆ ಸಾಕಾದ ಶಿಕ್ಷಣವಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಹೇಳಬೇಕಾಗಿ ಬಂದಿತು. ಇಂಥ ಮಾತನ್ನು ಹೇಳಬೇಕಾಗಿ ಬಂದುದೇ ನಮ್ಮ ಸ್ಥಿತಿಗೆ ಕನ್ನಡಿ.

ನನ್ನ ನೆರೆಮನೆಯ ಹುಡುಗಿಯೊಬ್ಬಳ ಮಾತನ್ನು ಇಲ್ಲಿ ಹೇಳಬೇಕು. ಮೊಡವೆಯ ಕಲೆಗಳನ್ನು ನೋಡಿ ವರನ ಕಡೆಯವರು ಏನೋ ಅಂದರು. ಹುಡುಗಿ ಸಾಲಮಾಡಿ ಇಂಥದೊಂದು ಅಂಗಡಿಗೆ ಆರು ಸಾರಿ ಹೋದಳು. ಮುಖದ ತುಂಬ ಸಣ್ಣ ಸೂಜಿಗಳಿಂದ ರಂಧ್ರ ಮಾಡಿ ಮೇಲೆ ಎಕ್ಸೋಸೋಮಿನ ದ್ರವವನ್ನು ಸುರಿದರು. ಬರಿದಾದ ಸೀಸೆಯನ್ನು ಆಕೆ ನನಗೆ ತಂದು ತೋರಿಸಿದಳು. ಅದರ ಮೇಲೆ ‘ಹೊರಗೆ ಲೇಪಿಸಲು ಮಾತ್ರ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಲೇಪನವೆಂದು ಒಪ್ಪಿಗೆ ಪಡೆದು, ಚಿಕಿತ್ಸೆಯೆಂದು ಮಾರಿ, ಕೇಳಿದರೆ ಮತ್ತೆ ಲೇಪನವೆನ್ನುವ ಈ ಜಾಣತನಕ್ಕೆ ಏನು ಹೆಸರಿಡಬೇಕೋ ವಾಚಕರೇ ಹೇಳಲಿ. ಕಲೆಗಳು ಬಹುಮಟ್ಟಿಗೆ ಹಾಗೆಯೇ ಇವೆ, ಸಾಲ ಉಳಿದಿದೆ. ತಪ್ಪು ಆ ಹುಡುಗಿಯದಲ್ಲ. ಕಲೆಯಿರುವ ಮುಖವನ್ನು ಒಲ್ಲೆನೆಂದವರ ಪಾಲೂ ಅದರಲ್ಲಿದೆ. ಅವರಲ್ಲಿ ನಾವೂ ಇದ್ದೇವೆ.

ಮಿತ್ರರು ಇನ್ನೂ ಎರಡು ವಾದಗಳನ್ನು ಹೂಡಿದರು. ಒಂದು: ಅವರವರ ಹಣ, ಅವರವರ ಮುಖ. ಒಪ್ಪಿದೆ. ಆದರೆ ಸ್ವಾತಂತ್ರ್ಯದಿಂದ ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂಬುದು ತಿಳಿದಿರಬೇಕಷ್ಟೆ? ಸುಳ್ಳು ಹೆಸರಿನ ಸರಕಿಗೆ ಕೊಟ್ಟ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಎರಡು: ನಮ್ಮ ಪೂರ್ವಿಕರೂ ಯೌವನವನ್ನು ಬಯಸಲಿಲ್ಲವೇ, ಯಯಾತಿಯ ಕಥೆಯಿಲ್ಲವೇ? ಇದೆ. ಆ ಕಥೆಯನ್ನು ಪೂರ್ತಿಯಾಗಿ ಓದಬೇಕು. ಯಯಾತಿಗೆ ಬಂದ ಯೌವನವು ಆಕಾಶದಿಂದ ಬೀಳಲಿಲ್ಲ. ಮಗನಾದ ಪೂರುವು ಅದಕ್ಕೆ ಬದಲಾಗಿ ಮುಪ್ಪನ್ನು ಹೊತ್ತನು. ನಮ್ಮ ಕಾಲದ ಪೂರು ಯಾರೆಂಬುದೇ ನನ್ನ ಪ್ರಶ್ನೆ.

ಪೂರುವನ್ನು ಕಾಣಬೇಕಾದರೆ ಸುಟ್ಟಗಾಯಗಳ ವಾರ್ಡಿಗೆ ಹೋಗಬೇಕು. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ಮಧ್ಯಮವಾಗಿಯೋ ತೀವ್ರವಾಗಿಯೋ ಸುಟ್ಟಗಾಯಗಳಿಗೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಲೆಯ ಮುಂದಿನ ಹೆಂಗಸರು, ಕಾರ್ಖಾನೆಯ ಕೂಲಿಗಳು, ಕುದಿನೀರಿನಲ್ಲಿ ಬಿದ್ದ ಮಕ್ಕಳು. ಇವರಿಗೆ ಬೇಕಾದುದು ನೆರಿಗೆಯಿಲ್ಲದ ಚರ್ಮವಲ್ಲ, ಬರಿಯ ಚರ್ಮ. ಕೋಶಗಳನ್ನು ಬೆಳೆಸುವ ವಿದ್ಯೆ ಬಂದು ಐವತ್ತು ವರ್ಷಗಳಾದರೂ ಅದು ನಮ್ಮ ಜಿಲ್ಲೆಯ ಆಸ್ಪತ್ರೆಯ ಬಾಗಿಲಿಗೆ ಬಂದಿಲ್ಲ. ಅದರ ಹೆಸರು ಮಾತ್ರ ಪೇಟೆಬೀದಿಯ ಫಲಕಕ್ಕೆ ಬಂದಿದೆ. ಜಾಣರ ಬುದ್ಧಿಯೂ ಬಂಡವಾಳವೂ ಎತ್ತ ಹರಿಯುತ್ತಿವೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬರಿಯ ದೂಷಣೆಯಿಂದ ಲೇಖನವನ್ನು ಮುಗಿಸುವುದು ನನ್ನ ಇಚ್ಛೆಯಲ್ಲ. ಇಂಥ ಅಂಗಡಿಯ ಮೆಟ್ಟಿಲು ಹತ್ತುವವರು ಮೂರು ಪ್ರಶ್ನೆಗಳನ್ನು ಕೇಳಲಿ: ಸೂಜಿ ಹಿಡಿಯುವವರ ವಿದ್ಯಾರ್ಹತೆ ಏನು, ಸೀಸೆಯ ಮೇಲೆ ಏನು ಬರೆದಿದೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ೨೦೦೭ರ ಅಧಿನಿಯಮದ ಪ್ರಕಾರ ನೋಂದಣಿಯಾಗಿದೆಯೇ. ಉತ್ತರ ಬರೆಹದಲ್ಲಿ ಬರಲಿ. ಜಿಲ್ಲಾಧಿಕಾರಿಗಳು ಆ ಫಲಕಗಳನ್ನೊಮ್ಮೆ ಓದಲಿ. ಇಂಥ ಜಾಹೀರಾತುಗಳು ನಮ್ಮ ಪತ್ರಿಕೆಗೆ ಎಂದಿಗೂ ಬೇಡವೆಂದು ಸಂಘವು ನಿರ್ಣಯಿಸಲಿ.

ಇನ್ನೊಂದು ಮಾತು, ಇದು ನಮ್ಮ ಸದಸ್ಯರಿಗೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕು ಇದೆ. ಸತ್ತ ಆರು ಗಂಟೆಯೊಳಗೆ ತೊಡೆ, ಬೆನ್ನುಗಳ ಮೇಲಿನ ತೆಳುವಾದ ಪದರವನ್ನು ತೆಗೆದುಕೊಳ್ಳುತ್ತಾರೆ. ದೇಹ ವಿಕಾರವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕೆಂಬುದಿಲ್ಲ. ಗ್ಲಿಸರಿನ್‌ನಲ್ಲಿ ಕಾಪಿಟ್ಟರೆ ಐದು ವರ್ಷಗಳವರೆಗೆ ಬಾಳುತ್ತದೆ. ಸುಟ್ಟವರ ಮೈಯನ್ನು ಅವರ ಸ್ವಂತ ಚರ್ಮ ಬೆಳೆಯುವವರೆಗೆ ಅದು ಹೊದ್ದು ಕಾಯುತ್ತದೆ. ಮುದುಕರ ಚರ್ಮವೂ ಆಗುತ್ತದೆ. ನೆರಿಗೆಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ಅಂಥ ಬ್ಯಾಂಕೊಂದು ನಮ್ಮ ಜಿಲ್ಲೆಗೂ ಬೇಕೆಂದು ಕೇಳುವ ಅರ್ಜಿಗೆ ನಾನು ಮೊದಲ ಸಹಿ ಹಾಕಿ ಸಂಘದ ಕಚೇರಿಯಲ್ಲಿಟ್ಟಿದ್ದೇನೆ. ಮಿತ್ರರು ಬಂದು ಎರಡನೆಯ ಸಹಿಯನ್ನು ಹಾಕಿದರೆ ನಮ್ಮ ವಿವಾದ ಅಲ್ಲಿಗೆ ಮುಗಿಯಿತೆಂದು ತಿಳಿಯುತ್ತೇನೆ.