ಪಥ್ಯವಲ್ಲ, ಮನೆಯ ಪದ್ಧತಿ

ವೈದ್ಯರು ರಕ್ತಪರೀಕ್ಷೆಯ ವರದಿ ನೋಡಿ 'ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ' ಎಂದೊಡನೆ ನಮ್ಮ ಮನೆಗಳಲ್ಲಿ ಪಥ್ಯ ಆರಂಭವಾಗುತ್ತದೆ. ಮೊದಲ ವಾರ ಬಹಳ ನಿಷ್ಠೆ ಇರುತ್ತದೆ. ಎರಡನೆಯ ತಿಂಗಳಿಗೆ ಅದು ಸಡಿಲಗೊಳ್ಳುತ್ತದೆ. ಯುಗಾದಿಯೋ ಜಾತ್ರೆಯೋ ಬಂದಾಗ ಪೂರ್ತಿ ನಿಂತುಹೋಗುತ್ತದೆ. 'ಇವರಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ' ಎಂದು ಮನೆಯವರು ದೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ನಾಲಿಗೆಯಲ್ಲಲ್ಲ, ನಮ್ಮ ಮನೋಭಾವದಲ್ಲಿ. ಪಥ್ಯವೆಂದರೆ ಸ್ವಲ್ಪ ಕಾಲ ಸಹಿಸಿಕೊಳ್ಳಬೇಕಾದ ಕಟ್ಟುಪಾಡು ಎಂದು ನಾವು ತಿಳಿದಿದ್ದೇವೆ. ಅದು ಮುಗಿಯುವ ದಿನಕ್ಕಾಗಿ ಕಾಯುವ ಮನಸ್ಸು ಯಾವ ರೂಢಿಯನ್ನೂ ಬೆಳೆಸಲಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಆ ರೋಗದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಅಧಿಕ. ಹೀಗಿರುವಾಗ ಆಹಾರದ ಸುಧಾರಣೆ ರೋಗಿಯೊಬ್ಬನ ತಟ್ಟೆಗೆ ಸೀಮಿತವಾಗಿ ಉಳಿಯಬಾರದು.

ಆದರೆ ಮನೆಗಳಲ್ಲಿ ನಡೆಯುತ್ತಿರುವುದೇನು? ಅಜ್ಜನಿಗೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಅದೇ ಪಂಕ್ತಿಯಲ್ಲಿ ಮಕ್ಕಳಿಗೆ ರಾಶಿ ಅನ್ನ, ಕರಿದ ತಿಂಡಿ, ಬಿಸ್ಕತ್ತು. ತಾನೊಬ್ಬನೇ ಬೇರೆಯವನಾದೆನೆಂಬ ನೋವು ಹಿರಿಯರಿಗೆ. ರೊಟ್ಟಿ-ಪಲ್ಯವೆಂದರೆ ರೋಗಿಯ ಊಟವೆಂಬ ಪಾಠ ಮಕ್ಕಳಿಗೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿ, ಕಾಳುಪಲ್ಯ, ಮೆಂತ್ಯದ ಸೊಪ್ಪು, ಸೌತೆಕಾಯಿಗಳು ದುಡಿಯುವವರೆಲ್ಲರ ನಿತ್ಯದ ಊಟವಾಗಿದ್ದವು. ಅವನ್ನು ಔಷಧದಂತೆ ಒಬ್ಬರಿಗೆ ಮಾತ್ರ ಬಡಿಸುವ ಬದಲು ಮನೆಮಂದಿಯೆಲ್ಲರೂ ಉಣ್ಣಬೇಕು. ಜೋಳದಲ್ಲಿಯೂ ಪಿಷ್ಟವಿದೆ, ಆದ್ದರಿಂದ ರೊಟ್ಟಿಗೂ ಮಿತಿಯಿರಲಿ ಎಂಬುದನ್ನು ಮರೆಯಬಾರದು.

ರೂಢಿ ಹೇಗೆ ಬೆಳೆಯುತ್ತದೆಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯಲ್ಲಿ ಪರಿಶೀಲಿಸಿದರು. ಊಟದೊಡನೆ ಒಂದು ಹಣ್ಣು ತಿನ್ನುವಂಥ ಸಣ್ಣ ಕೆಲಸವನ್ನು ಅವರು ನಿತ್ಯ ಮಾಡಬೇಕಿತ್ತು. ಅದು ಸಹಜವಾಗಲು ಸರಾಸರಿ 66 ದಿನ ಬೇಕೆಂದು ಕಂಡುಬಂತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನಗಳವರೆಗೆ ಬೇಕು ಎಂಬುದು ಅವರ ಲೆಕ್ಕ. ನಡುವೆ ಒಂದು ದಿನ ತಪ್ಪಿದರೂ ರೂಢಿಯ ಬೆಳವಣಿಗೆಗೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಒಂದು ಹೋಳಿಗೆ ತಿಂದೊಡನೆ 'ನೇಮ ಕೆಟ್ಟಿತು' ಎಂದು ಮತ್ತೆ ಮೂರು ತಿನ್ನುವವರು ಇದನ್ನು ಮನಗಾಣಬೇಕು. ಕೃಷಿಕನು ಒಂದು ದಿನ ಹೊಲಕ್ಕೆ ಹೋಗದಿದ್ದರೆ ಮರುದಿನ ಹೋಗುತ್ತಾನೆ; ಹೊಲವನ್ನೇ ಬಿಡುವುದಿಲ್ಲ.

ಬಡಿಸುವ ರೀತಿಯೂ ಬದಲಾಗಬೇಕು. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬುದು ನಮ್ಮ ಶ್ರದ್ಧೆ. ಆದರೆ ಬಡಿಸಿದ್ದನ್ನೆಲ್ಲ ಹೊಟ್ಟೆಗೆ ತುರುಕಿಕೊಳ್ಳಬೇಕೆಂದು ಅದರ ಅರ್ಥವಲ್ಲ, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕು. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ಸ್ಪಷ್ಟವಾಗಲು ಸುಮಾರು 20 ನಿಮಿಷ ಹಿಡಿಯುತ್ತದೆ. ಅವಸರದ ಊಟಕ್ಕೂ ಅತಿಥಿಗೆ ಮಾಡುವ ಒತ್ತಾಯಕ್ಕೂ ಆ ಸೂಚನೆ ಕೇಳಿಸುವುದಿಲ್ಲ. ಅತಿಥಿ 'ಸಾಕು' ಎಂದಾಗ ಅದನ್ನು ಮನ್ನಿಸುವುದೂ ಸತ್ಕಾರವೇ.

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೊರಡುವುದು ಬೇಡ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚವನ್ನು ಮೀರದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಗೆ ಹಾಕುವ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಚಹಾದ ಸಕ್ಕರೆಗೂ ಇದೇ ಮಾತು ಸಲ್ಲುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟದ ಪ್ರಮಾಣ ತಗ್ಗಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಈ ತಿಂಗಳು ಮನೆಮಂದಿಯೆಲ್ಲ ಕುಳಿತು ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಲಿ. ಅದು ನೆನಪಿಸದೆಯೇ ನಡೆಯುವಂತಾದ ಮೇಲೆ ಎರಡನೆಯದನ್ನು ಯೋಚಿಸಿದರಾಯಿತು.