ಗಳವೂ ಬೇಕು, ಏಣಿಯೂ ಬೇಕು

ಹೊಸದೊಂದು ಉಪಕರಣ ಕೈಗೆ ಬಂದೊಡನೆ ಹಳೆಯದನ್ನು ಮೂಲೆಗೆ ಎಸೆಯುವುದು ಒಂದು ಅತಿ. ಹಳೆಯದರ ಮೇಲಣ ಮೋಹದಿಂದ ಹೊಸದನ್ನು ಮುಟ್ಟದೆ ಇರುವುದು ಇನ್ನೊಂದು ಅತಿ. ಕಿಟಕಿಯ ಗಾಜನ್ನು ತೊಳೆಯುವಂಥ ಸಾಮಾನ್ಯ ಕೆಲಸದಲ್ಲಿಯೂ ಈ ಎರಡು ಅತಿಗಳು ಕಾಣಬರುತ್ತವೆ. ನೆಲದ ಮೇಲೆಯೇ ನಿಂತು ಉದ್ದನೆಯ ಗಳದಿಂದ ತೊಳೆಯುವ ಪದ್ಧತಿ ಬಂದ ಮೇಲೆ ಏಣಿಗೆ ಇನ್ನು ಕೆಲಸವಿಲ್ಲವೆಂದು ಕೆಲವರು ಹೇಳುತ್ತಾರೆ. ಏಣಿ ಹತ್ತಿ ಕೈಯಿಂದ ಒರಸದ ಹೊರತು ಗಾಜು ಗಾಜಾಗದು ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಈ ಎರಡು ಮಾತುಗಳೂ ಅರ್ಧಸತ್ಯಗಳೇ. ಇಲ್ಲಿ ಪಣಕ್ಕೆ ಬಿದ್ದಿರುವುದು ಗಾಜಿನ ಹೊಳಪು ಮಾತ್ರವಲ್ಲ, ಅದನ್ನು ತೊಳೆಯುವವನ ಪ್ರಾಣವೂ ಹೌದು. ಆದುದರಿಂದ ವಿಷಯವನ್ನು ತುಸು ವಿವರವಾಗಿ ವಿಚಾರಿಸುವುದು ಯೋಗ್ಯ.

ಇದು ದೂರದ ಮಹಾನಗರಗಳ ಚಿಂತೆಯೆಂದು ವಾಚಕರು ಭಾವಿಸಬಾರದು. ತುಂಗಭದ್ರೆಯ ಎಡದಂಡೆಯ ಮೇಲೆ, ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಹಳೆಯ ಕೋಟೆಯ ಅವಶೇಷಗಳುಳ್ಳ ಐರಣಿ ಎಂಬ ಊರಿದೆ. ಈ ಸೀಮೆಯ ಹಿಂದಿನ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಗೆ ಬೆಳಕಿಂಡಿ, ಗಾಳಿಗೆ ಸಣ್ಣ ಕಿಟಕಿ, ಗಾಜೆಂಬುದು ಅಪರೂಪ. ಮಾಳಿಗೆಯನ್ನು ಏರಲು ನಿಚ್ಚಣಿಕೆ, ಮಾವಿನ ಕಾಯಿಯನ್ನು ಇಳಿಸಲು ಬಿದಿರಿನ ಗಳ ಎಂದು ಎರಡು ಸಾಧನಗಳೂ ಮನೆಯಲ್ಲಿದ್ದವು. ಯಾವುದಕ್ಕೆ ಯಾವುದು ಎಂಬ ಜಗಳ ಇರಲಿಲ್ಲ. ಇಂದು ರಾಣೆಬೆನ್ನೂರು ಮತ್ತು ಹಾವೇರಿಗಳನ್ನು ಹಾಯ್ದು ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಆಸುಪಾಸಿನಲ್ಲಿ ಗಾಜಿನ ಮುಖವುಳ್ಳ ಅಂಗಡಿಗಳೂ ಆಸ್ಪತ್ರೆಗಳೂ ಎದ್ದು ನಿಂತಿವೆ. ಬೇಸಗೆಯಲ್ಲಿ ಎರೆಮಣ್ಣಿನ ಧೂಳು, ವಾಹನಗಳ ಹೊಗೆ, ಬ್ಯಾಡಗಿಯ ಕಡೆಗೆ ಹೋದರೆ ಮೆಣಸಿನಕಾಯಿಯ ಧೂಳು ಕೂಡ ಈ ಗಾಜುಗಳ ಮೇಲೆ ಕೂರುತ್ತವೆ. ಯಾರಾದರೊಬ್ಬರು ಅವನ್ನು ತೊಳೆಯಲೇಬೇಕು.

ಮೊದಲು ಏಣಿಯ ಬಲಾಬಲವನ್ನು ನೋಡೋಣ. ಗೋಡೆಗೆ ಒರಗಿಸಿದ ಏಣಿಯನ್ನು ಹಿಡಿದು ನಿಲ್ಲಿಸುವುದು ಅದರ ಬುಡಕ್ಕೂ ನೆಲಕ್ಕೂ ನಡುವಿನ ಘರ್ಷಣೆ. ಏಣಿಯ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಗೋಡೆ ಸಂಪೂರ್ಣ ನುಣುಪಾಗಿದೆಯೆಂದು ಭಾವಿಸಿದರೆ ಲೆಕ್ಕ ಸುಲಭವಾಗುತ್ತದೆ. ಏಣಿಯ ತುದಿ 4 ಮೀಟರು ಎತ್ತರದಲ್ಲಿದ್ದು ಬುಡ ಗೋಡೆಯಿಂದ 1 ಮೀಟರು ದೂರದಲ್ಲಿದ್ದರೆ, ಅಂದರೆ ನೆಲದೊಡನೆ ಸುಮಾರು 75 ಅಂಶದ ಕೋನವಿದ್ದರೆ, ತುದಿಯಲ್ಲಿ ನಿಂತ 60 ಕಿಲೋಗ್ರಾಂ ತೂಕದ ಮನುಷ್ಯನಿಂದ ಬುಡದ ಮೇಲೆ ಹೊರಮುಖವಾಗಿ ಬೀಳುವ ಒತ್ತಡ 15 ಕಿಲೋಗ್ರಾಂ ತೂಕದಷ್ಟು. ಅದೇ ಏಣಿಯನ್ನು 45 ಅಂಶಕ್ಕೆ ಬಾಗಿಸಿದರೆ ಈ ಒತ್ತಡ ಪೂರ್ತಿ 60 ಕಿಲೋಗ್ರಾಂ ತೂಕಕ್ಕೆ ಏರುತ್ತದೆ. ನಾಲ್ಕಕ್ಕೆ ಒಂದು ಎಂಬ ನಿಯಮದ ಹಿಂದಿರುವ ಕಾರಣ ಇದೇ. ಅಂಗಡಿಯ ಮುಂದಿನ ನುಣುಪಾದ ಹಾಸುಗಲ್ಲಿನ ಮೇಲೆ ಸಾಬೂನು ನೀರು ಚೆಲ್ಲಿದಾಗ ಘರ್ಷಣೆ ಎಷ್ಟು ಕುಗ್ಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಗಾಜು ತೊಳೆಯುವವನು ತನ್ನ ಏಣಿಯ ಬುಡಕ್ಕೆ ತಾನೇ ನೀರು ಸುರಿಯುತ್ತಾನೆ! ಇದಲ್ಲದೆ, ಏಣಿಯನ್ನು ಸರಿಸುವ ಶ್ರಮವನ್ನು ತಪ್ಪಿಸಲು ಪಕ್ಕದ ಗಾಜಿಗೆ ಕೈ ಚಾಚಿದಾಗ ಮೈಯ ಭಾರಕೇಂದ್ರ ಏಣಿಯ ಎರಡು ಕಂಬಗಳ ನಡುವಿನಿಂದ ಹೊರಕ್ಕೆ ಸರಿಯುತ್ತದೆ. ಆಗ ಏಣಿ ಮಗುಚುತ್ತದೆ. 6 ಮೀಟರು ಎತ್ತರದಿಂದ ಬಿದ್ದವನು ನೆಲವನ್ನು ಮುಟ್ಟುವ ವೇಗ ಗಂಟೆಗೆ ಸುಮಾರು 39 ಕಿಲೋಮೀಟರು.

ಹೀಗಿರುವಾಗ ಗಳದ ಪದ್ಧತಿ ವರದಂತೆ ತೋರಿದರೆ ಆಶ್ಚರ್ಯವಿಲ್ಲ. ಒಂದರೊಳಗೊಂದು ಸೇರುವ ಕೊಳವೆಗಳಿಂದಾದ ಗಳ, ಅದರ ತುದಿಗೆ ಕುಂಚ, ಕುಂಚಕ್ಕೆ ನೀರೊಯ್ಯುವ ಸಣ್ಣ ನಳಿಕೆ, ಇಷ್ಟೇ ಇದರ ರಚನೆ. ಕೆಲಸಗಾರ ನೆಲದ ಮೇಲೆ ನಿಂತು ಮೂರು ನಾಲ್ಕು ಅಂತಸ್ತುಗಳ ಗಾಜನ್ನು ತಿಕ್ಕಬಲ್ಲ. ಆದರೆ ಇದಕ್ಕೂ ಪ್ರಕೃತಿ ನಿಯಮಗಳ ಕಟ್ಟುಪಾಡಿದೆ. ಒಂದೇ ದಪ್ಪದ ಗಳವನ್ನು ಒಂದು ತುದಿಯಲ್ಲಿ ಬಿಗಿಹಿಡಿದು ಅಡ್ಡಲಾಗಿ ಚಾಚಿದರೆ, ತನ್ನ ಭಾರದಿಂದಲೇ ಅದು ಬಾಗುವ ಪ್ರಮಾಣ ಉದ್ದದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಉದ್ದವನ್ನು ಇಮ್ಮಡಿಸಿದರೆ ಬಾಗು 16 ಮಡಿಯಾಗುತ್ತದೆ. ಹಗುರವೂ ಬಿರುಸೂ ಆದ ವಸ್ತುವೇ ಇದಕ್ಕೆ ಬೇಕು. ಬಿದಿರನ್ನು ಟೊಳ್ಳಾಗಿಸಿ ಗೆಣ್ಣುಗಳಿಂದ ಬಿಗಿದ ನಿಸರ್ಗ ಈ ಸಮಸ್ಯೆಯನ್ನು ಎಂದೋ ಬಿಡಿಸಿತ್ತು. ಇಂದಿನ ಇಂಗಾಲದ ಎಳೆಗಳ ಗಳಗಳು ಅದೇ ಉಪಾಯದ ಮುಂದುವರಿಕೆ; ಅಲ್ಯೂಮಿನಿಯಂನ ಸಾಂದ್ರತೆ 2.7 ಆದರೆ ಇವುಗಳದು ಸುಮಾರು 1.6. ಮಲೆನಾಡಿನ ಅಡಿಕೆ ಬೆಳೆಗಾರರು ಕೊನೆ ಕೊಯ್ಯುವುದಕ್ಕೂ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ಈಚೆಗೆ ಬಳಸುತ್ತಿರುವ ದೋಟಿ ಇದರ ಸೋದರನೇ.

ಇನ್ನು ನೀರಿನ ಮಾತು. ಗಳದಿಂದ ತೊಳೆದ ಗಾಜನ್ನು ಯಾರೂ ಒರಸುವುದಿಲ್ಲ. ನೀರು ತಾನಾಗಿ ಆರಬೇಕು. ಆದರೆ ಬಯಲು ಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಗಾಜಿನ ಮೇಲೆ ಬಿಳಿಯ ಕಲೆಯಾಗಿ ಉಳಿಯುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುವ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ. ಕುಡಿಯಲು ಯೋಗ್ಯವಾದ ಇಂಥ ನೀರು 50 ಮಿಲಿಲೀಟರಿನಷ್ಟು ಗಾಜಿನ ಮೇಲೆ ಆರಿದರೂ 25 ಮಿಲಿಗ್ರಾಂ ಲವಣ ಅಲ್ಲಿ ಉಳಿಯುತ್ತದೆ. ಆದುದರಿಂದ ಗಳದ ಪದ್ಧತಿಗೆ ಲವಣರಹಿತ ನೀರು ಅನಿವಾರ್ಯ. ಅದನ್ನು ಪಡೆಯಲು ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ನೀರನ್ನು ಹಾಯಿಸುತ್ತಾರೆ. ಉಳಿದ ಲವಣವನ್ನು ಅಯಾನು ವಿನಿಮಯದ ರಾಳದಿಂದ ತೆಗೆಯುತ್ತಾರೆ. ಪೊರೆಯ ಪದ್ಧತಿಯಲ್ಲಿ ನೀರಿನ ಒಂದು ಪಾಲು ಉಪ್ಪನ್ನು ಹೊತ್ತು ಹೊರಬೀಳುತ್ತದೆ. ಬರಗಾಲದ ಅನುಭವವುಳ್ಳ ಜಿಲ್ಲೆಯಲ್ಲಿ ಅದನ್ನು ಚರಂಡಿಗೆ ಬಿಡುವುದು ಅಪರಾಧವೇ ಸರಿ. ನೆಲ ತೊಳೆಯುವುದಕ್ಕೆ ಅದು ಧಾರಾಳವಾಗಿ ಒದಗುತ್ತದೆ. ಮಳೆಗಾಲದಲ್ಲಿ ಶುಚಿಯಾದ ಛಾವಣಿಯಿಂದ ಹಿಡಿದು ಸೋಸಿದ ನೀರಿನಲ್ಲಿ ಲವಣ ಬಹಳ ಕಡಿಮೆ. ಅದರಿಂದ ಆರಂಭಿಸಿದರೆ ರಾಳದ ಕೆಲಸವೂ ಹಗುರವಾಗುತ್ತದೆ. ಈ ಏರ್ಪಾಡು ಇಲ್ಲದೆ ಬರಿಯ ಗಳವನ್ನು ಕೊಂಡು ತಂದವರು ಗಾಜಿಗೆ ಕಲೆ ಹಚ್ಚಿ, ತಪ್ಪನ್ನು ಗಳದ ಮೇಲೆ ಹೊರಿಸುತ್ತಾರೆ.

ಗಳಕ್ಕೆ ದಕ್ಕದ ಕೆಲಸಗಳೂ ಇವೆ. ಹೊಸ ಕಟ್ಟಡದ ಗಾಜಿಗೆ ಮೆತ್ತಿದ ಸಿಮೆಂಟು, ಬಣ್ಣದ ಸಿಡಿತ, ಜೇನುಹುಟ್ಟಿನ ಮೇಣ ಇವು ನೀರಿಗೂ ಕುಂಚಕ್ಕೂ ಜಗ್ಗವು. ಹತ್ತಿರ ಹೋಗಿ ನೆನೆಸಿ ಮೆಲ್ಲಗೆ ಕೆರೆಯಬೇಕು. ಗಾಜಿನ ಅಂಚಿನ ಮೆತ್ತಿಗೆ ಸಡಿಲವಾಗಿದೆಯೇ, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೇ ಎಂಬುದು ಕೆಳಗಿನಿಂದ ಕಾಣದು. ಎಟ್ಟೋರೆ ಸ್ಟೆಕೋನೆ 1936ರಲ್ಲಿ ಅಮೆರಿಕೆಯಲ್ಲಿ ಪೇಟೆಂಟು ಪಡೆದ ರಬ್ಬರು ಅಂಚಿನ ವೈಪರು ಇಂದಿಗೂ ಕೈಬಿಟ್ಟುಹೋಗದೆ ಇರುವುದು ಸುಮ್ಮನೆ ಅಲ್ಲ. ಮೇಲಾಗಿ, ಗಳ ನಿರಪಾಯಕರವೆಂಬ ನಂಬಿಕೆಯೂ ಸರಿಯಲ್ಲ. ಗಂಟೆಗಟ್ಟಲೆ ಮೇಲೆ ನೋಡುತ್ತ ತಿಕ್ಕುವವನ ಕತ್ತೂ ಭುಜವೂ ಸೋಲುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಇಂಗಾಲದ ಎಳೆ ವಿದ್ಯುದ್ವಾಹಕ. ನಮ್ಮ ಪೇಟೆಬೀದಿಗಳಲ್ಲಿ 11,000 ವೋಲ್ಟಿನ ತಂತಿಗಳು ಕಟ್ಟಡಗಳ ಪಕ್ಕದಲ್ಲಿಯೇ ಹಾಯುವುದುಂಟು. ಅಂಥಲ್ಲಿ ಈ ಗಳವನ್ನು ಎತ್ತುವುದು ಮೃತ್ಯುವನ್ನು ಕೈಬೀಸಿ ಕರೆದಂತೆ. ನೆನೆದ ಬಿದಿರೂ ಅಲ್ಲಿ ರಕ್ಷಣೆ ಕೊಡದು. ವಿದ್ಯುತ್ ಇಲಾಖೆಯವರಿಂದ ತಂತಿಯ ಪ್ರವಾಹವನ್ನು ನಿಲ್ಲಿಸಿಕೊಳ್ಳಬೇಕು, ಇಲ್ಲವೆ ಆ ಕೆಲಸವನ್ನೇ ಬಿಡಬೇಕು, ಮೂರನೆಯ ದಾರಿಯಿಲ್ಲ.

ಹಾಗಾದರೆ ಎರಡನ್ನೂ ಸೇರಿಸುವುದು ಹೇಗೆ? ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಬೇಕು. ಸೇರಿಸುವುದೆಂದರೆ ಏಣಿಯ ಮೇಲೆ ನಿಂತು ಗಳವನ್ನು ಬೀಸುವುದಲ್ಲ. ಅದು ಎರಡು ಪದ್ಧತಿಗಳ ಅಪಾಯಗಳನ್ನು ಮಾತ್ರ ಕೂಡಿಸುತ್ತದೆ. ಗಳಕ್ಕೆ ಎರಡು ಕೈಗಳನ್ನೂ ಕೊಟ್ಟವನಿಗೆ ಏಣಿಯನ್ನು ಹಿಡಿಯಲು ಕೈ ಉಳಿಯುವುದಿಲ್ಲ. ಸೇರಿಸುವುದೆಂದರೆ ಕ್ರಮವಾಗಿ ಹಂಚುವುದು. ಮೊದಲು ನೆಲದಿಂದಲೇ ಗಳದಿಂದ ಎಲ್ಲ ಗಾಜುಗಳನ್ನೂ ತೊಳೆಯಬೇಕು. ಆರಿದ ಮೇಲೆ ಕಲೆ ಉಳಿದವನ್ನು ಗುರುತಿಸಬೇಕು. ಅಂಥ ಗಾಜುಗಳಿಗೆ ಮಾತ್ರ, ಒಣಗಿದ ನೆಲದ ಮೇಲೆ ಸರಿಯಾದ ಕೋನದಲ್ಲಿ ನಿಲ್ಲಿಸಿ ಮೇಲೆ ಕಟ್ಟಿದ, ಬುಡದಲ್ಲಿ ಇನ್ನೊಬ್ಬ ಹಿಡಿದ ಏಣಿಯನ್ನು ಏರಬೇಕು. ಹನ್ನೆರಡು ಕಿಟಕಿಗಳಿಗೆ ಹನ್ನೆರಡು ಸಲ ಏರುತ್ತಿದ್ದವನು ಎರಡಕ್ಕೆ ಎರಡೇ ಸಲ ಏರಿದರೆ ಅಪಾಯದ ಅವಕಾಶ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ 2005ರಲ್ಲಿ ಬಂದ ಎತ್ತರದ ಕೆಲಸದ ನಿಯಮಾವಳಿಯ ಆಶಯವೂ ಇದೇ: ಎತ್ತರಕ್ಕೆ ಏರುವುದನ್ನು ಸಾಧ್ಯವಾದಲ್ಲಿ ತಪ್ಪಿಸು, ತಪ್ಪಿಸಲಾಗದಲ್ಲಿ ಬೀಳದಂತೆ ನೋಡಿಕೊ, ಅದೂ ಆಗದಿದ್ದರೆ ಬಿದ್ದರೂ ಪೆಟ್ಟು ಕಡಿಮೆಯಾಗುವಂತೆ ಏರ್ಪಡಿಸು. ಅದು ಏಣಿಯನ್ನು ನಿಷೇಧಿಸಲಿಲ್ಲ. ಅಪಾಯ ಕಡಿಮೆಯಿರುವ ಅಲ್ಪಕಾಲದ ಕೆಲಸಕ್ಕೆ ಅದನ್ನು ಮಿತಗೊಳಿಸಿತು. ಏಣಿಗಳ ಸುರಕ್ಷತೆಗೆ ನಮ್ಮಲ್ಲಿಯೂ 1991ರ ಭಾರತೀಯ ಮಾನಕವಿದೆ. ಕೊರತೆಯಿರುವುದು ಬರಹದಲ್ಲಲ್ಲ, ಆಚರಣೆಯಲ್ಲಿ.

ಆಕ್ಷೇಪವೊಂದುಂಟು: ಗಳ, ಪೊರೆ, ರಾಳ ಇವಕ್ಕೆಲ್ಲ ಹಣ ಬೇಕು, ದಿನಗೂಲಿಯವನು ಎಲ್ಲಿಂದ ತಂದಾನು? ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಹೇಳಬೇಕಾದವನು ದಿನಗೂಲಿಯವನಲ್ಲ. ಲಕ್ಷಗಟ್ಟಲೆ ವೆಚ್ಚಮಾಡಿ ಗಾಜಿನ ಮುಖವನ್ನು ಕಟ್ಟಿಸಿದವನು ಅದನ್ನು ತೊಳೆಯುವ ವೆಚ್ಚವನ್ನೂ ಕಟ್ಟಡದ ಲೆಕ್ಕದಲ್ಲಿಯೇ ಸೇರಿಸಬೇಕು. ಒಂದು ಬೀದಿಯ ಅಂಗಡಿಕಾರರು ಕೂಡಿ ಒಂದು ಜೊತೆ ಸಲಕರಣೆಯನ್ನು ಇರಿಸಿಕೊಂಡರೆ ಭಾರ ಹಂಚಿಹೋಗುತ್ತದೆ.

ಇದಕ್ಕಿಂತ ಮುಂದೆ ಹೋಗಿ ಹೇಳಬೇಕಾದ ಮಾತೊಂದಿದೆ. ಕಟ್ಟುವ ಮೊದಲೇ ತೊಳೆಯುವವನನ್ನು ನೆನೆಯುವ ಶಿಲ್ಪಿ ನಮಗೆ ಬೇಕು. ಒಳಮುಖವಾಗಿ ತೆರೆಯುವ ಕಿಟಕಿಯ ಎರಡು ಮೈಗಳನ್ನೂ ಕೋಣೆಯೊಳಗೆ ನಿಂತೇ ತೊಳೆಯಬಹುದು; ಅಲ್ಲಿ ಏಣಿಯೂ ಬೇಡ, ಗಳವೂ ಬೇಡ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಇಂಜಿನಿಯರುಗಳಾಗುವವರು. ಘರ್ಷಣೆ, ಭಾರಕೇಂದ್ರ, ನೀರಿನ ಗಡಸುತನ ಇವು ಪರೀಕ್ಷೆಯ ಪ್ರಶ್ನೆಗಳಷ್ಟೇ ಅಲ್ಲ. ಮುಂದಿನ ಸಲ ಬೀದಿಯಲ್ಲಿ ಏಣಿಯೊಂದನ್ನು ಕಂಡಾಗ ಅದರ ಬುಡ ಗೋಡೆಯಿಂದ ಎಷ್ಟು ದೂರವಿದೆ, ನೆಲ ಒಣಗಿದೆಯೇ, ತಂತಿ ಹತ್ತಿರದಲ್ಲಿದೆಯೇ ಎಂದು ನೋಡಿರಿ. ತಪ್ಪಿದ್ದರೆ ಮೇಲಿರುವವನಿಗೆ ವಿನಯದಿಂದ ತಿಳಿಸಿರಿ.